ಹಳದಿ ಗೆರೆಯ ಆ ಕಡೆ

ಇದು ಎಲ್ಲೋ ಕೇಳಿ ಬಂದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗ ಲೈಲ್ ಕೋಸ್ಟ್ಕಾನಿಗೆ ಆದದ್ದು. ಅವನು ಓಹಾಯೋದ ನಮ್ಮ ಟ್ಯಾನರ್ ಹೈಟ್ಸ್‌ನಲ್ಲಿ ರಾತ್ರಿ ಪಾಳಿಯ ಪೊಲೀಸ್. ನಾನು ಅದೇ ಊರಿನ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು.

ಚಳಿಗಾಲದ ಒಂದು ನಡುರಾತ್ರಿ ಪಾಳಿ ಮುಗಿಸಿ ಲೈಲ್ ಮಿಲ್ ರಸ್ತೆಯಲ್ಲಿ ನಡೆದು ಮನೆಗೆ ಹೊರಟಿದ್ದ. ಹಲಗೆ ಮುಚ್ಚಿದ ಹಳೇ ಬಾವಿ ಇದೆಯಲ್ಲ... ಅದರ ಕಟ್ಟೆಗೆ ಒರಗಿ ಒಬ್ಬ ಮುದುಕ ಕೂತಿದ್ದ. ಕುಡಿದಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು.

"ತಮ್ಮಾ... ಮನೆಗೆ ಬಿಡಪ್ಪಾ. ಕಾಲೇ ಬರ್ತಿಲ್ಲ."

ಲೈಲ್ ರೇಡಿಯೋ ಎತ್ತಿದ. ಠಾಣೆಯಲ್ಲಿ ರಾತ್ರಿ ರೇಡಿಯೋ ಮುಂದೆ ಡಾರ್ಲೀನ್ ಒಬ್ಬಳೇ. ಅವಳು ಮೊದಲು ಕೇಳುವುದು ಒಂದೇ.

"ನಮ್ ಕಡೆನೋ, ಅವ್ರ ಕಡೆನೋ?"

ನಮ್ಮದು ಪುಟ್ಟ ಠಾಣೆ. ಒಬ್ಬ ಚೀಫ್, ಒಬ್ಬ ಸಾರ್ಜೆಂಟ್, ಗಸ್ತಿಗೆ ಬೆರಳೆಣಿಕೆಯ ಜನ. ಇದ್ದದ್ದು ಹೇಳಬೇಕು, ಜನರಿಗೆ ಆಗುತ್ತಾರೆ. ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಹೋದವರ ಮನೆಯ ಬಾಗಿಲು ಅಲುಗಿಸಿ ನೋಡುತ್ತಾರೆ. ಮಂಚದಿಂದ ಬಿದ್ದ ಅಜ್ಜಿಯನ್ನು ಎತ್ತಿ ಮಲಗಿಸಿ ಬರುತ್ತಾರೆ. ಆದರೆ ಎಲ್ಲವೂ ಮಿಲ್ ರಸ್ತೆ ನಡುವಿನ ಹಳದಿ ಗೆರೆಯ ತನಕ. ಆಚೆಗೆ ಬ್ರಾಕ್‌ಹಿಲ್ ಊರು, ಬೇರೆ ಠಾಣೆ. ಹಿಮ ತಳ್ಳುವಾಗ ನಾನೂ ಅರ್ಧ ರಸ್ತೆಯನ್ನೇ ತಳ್ಳುವುದು. ಇನ್ನರ್ಧ ಅವರ ಹಣೆಬರಹ.

ಬಾವಿ ಇರುವುದು ನಮ್ಮ ಕಡೆ. ಮುದುಕ ನಮ್ಮವನಾದರೆ ಲೈಲ್ ಅವನನ್ನು ಆಸ್ಪತ್ರೆಗೆ ಸೇರಿಸಿ, ಬೆಳಗಾಗುವವರೆಗೆ ಅಲ್ಲೇ ಕಾಯಬೇಕು. ಅವನಿಗೋ ನಿದ್ದೆ.

"ಅವ್ರ ಕಡೆ," ಅಂದ.

"ಅವ್ರಿಗೆ ಫೋನ್ ಮಾಡ್ಲಾ?"

"ನಾನೇ ಮಾಡ್ತೀನಿ ಬಿಡು."

ಮುದುಕನ ಕಂಕುಳಿಗೆ ಕೈ ಹಾಕಿ ಎಳೆದ. ಹಿಮ ಕರಗಲಿ ಅಂತ ಉಪ್ಪು ಚೆಲ್ಲಿದ ರಸ್ತೆಯ ಮೇಲೆ ಹಿಮ್ಮಡಿ... ಸರ್ರ್... ಸರ್ರ್... ಗೆರೆ ದಾಟಿಸಿ, ಆ ಕಡೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದ.

"ಅಯ್ಯೋ, ನನ್ ಮನೆ ಈ ಕಡೆ ಅಲ್ವಪ್ಪಾ..."

"ಬೆಳಿಗ್ಗೆ ನೋಡೋಣ ತಾತ."

ಫೋನ್ ಮಾಡಲಿಲ್ಲ. ಬೆಳಿಗ್ಗೆ ಮುದುಕ ಚಳಿಗೆ ಸೆಟೆದು ಕಟ್ಟಿಗೆಯಾಗಿದ್ದ. ಹೆಸರು ಎಮಿಲ್ ಬೊಹಾಚ್. ನಮ್ಮ ಊರಿನವನೇ. ಇದನ್ನೆಲ್ಲ ಲೈಲ್ ನನಗೆ ಹೇಳಿದ್ದು ಹೋಟೆಲಿನಲ್ಲಿ, ಮೊಟ್ಟೆ ತಿನ್ನುತ್ತಾ. ನಗುತ್ತಿದ್ದ ಸ್ವಾಮಿ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ನನಗೆ.

ನಗು ಒಂದು ವಾರವೂ ಉಳಿಯಲಿಲ್ಲ.

ರಾತ್ರಿ ಅಂಗಡಿ ಸಾಲಿನ ಬಾಗಿಲುಗಳ ಹಿಡಿಕೆ ತಿರುಗಿಸಿ ನೋಡುವುದು ಅವನ ಕೆಲಸ. ಟಕ್. ಮುಂದಿನ ಅಂಗಡಿಗೆ ಹೋದರೆ... ಹಿಂದಿನ ಬಾಗಿಲು ತಾನೇ ಟಕ್. ತಿರುಗಿದರೆ ಯಾರೂ ಇಲ್ಲ. ಮನೆಗೆ ನಡೆಯುವಾಗ ಬೆನ್ನ ಹಿಂದೆ ಸರ್ರ್... ಸರ್ರ್... ನಿಂತರೆ ಅದೂ ನಿಲ್ಲುತ್ತದೆ. ಕಿವಿಯ ಹತ್ತಿರ ಪಿಸುಮಾತು.

"ಈ ಕಡೆನಾ... ಆ ಕಡೆನಾ?"

ಅವನು ಸಾರ್ಜೆಂಟ್ ಹತ್ತಿರ ಹೋಗಿ ಅಂಗಲಾಚಿದ.

"ಹಗಲು ಪಾಳಿಗೆ ಹಾಕಿ ಸರ್. ಅದು ನನ್ನ ಉಳಿಸಲ್ಲ."

"ದೆವ್ವಕ್ಕೆ ರಜೆ ಕೊಡೋ ಕಾನೂನಿಲ್ಲ ಕಣಯ್ಯಾ. ಇರೋದೇ ಇಷ್ಟು ಜನ, ನಿನ್ ಜಾಗಕ್ಕೆ ಯಾರ್ನ ತರ್ಲಿ?"

ಅದೇ ರಾತ್ರಿ ಆಯಿತು. ಮುಂದಿನದನ್ನು ಹೇಳಿದವಳು ಡಾರ್ಲೀನ್. ಅವಳು ಸುಳ್ಳು ಹೇಳುವ ಹೆಂಗಸಲ್ಲ.

ಲೈಲ್ ಮನೆಗೆ ಹೊರಟ ಸ್ವಲ್ಪ ಹೊತ್ತಿಗೆ ರೇಡಿಯೋ ಕರ್‌ರ್ ಅಂದಿತು. ಲೈಲ್‌ನ ದನಿ. "ಡಾರ್ಲೀನ್, ಬಾವಿ ಹತ್ರ ಒಬ್ಬ ಬಿದ್ದವ್ನೆ. ಕಾಲು ಮುರ್ದಿದೆ."

"ನಮ್ ಕಡೆನೋ, ಅವ್ರ ಕಡೆನೋ?"

ಆಮೇಲೆ ಅದೇ ದನಿ, ನಗುತ್ತಾ...

"ಅವ್ರ ಕಡೆ. ನಾನೇ ಫೋನ್ ಮಾಡ್ತೀನಿ ಬಿಡು."

ಆ ನಗುವಿನ ಹಿಂದೆ, ಬಹಳ ದೂರದಲ್ಲಿ, ಇನ್ನೊಬ್ಬ ಅಳುತ್ತಿದ್ದ. "ಅದು ನಾನಲ್ಲ... ಡಾರ್ಲೀನ್, ಈ ಕಡೆ, ಈ ಕಡೆ..." ಆ ದನಿಯೂ ಲೈಲ್‌ನದೇ. ಕುಡುಕ ಯಾರೋ ಅಣಕಿಸುತ್ತಿದ್ದಾನೆ ಅಂದುಕೊಂಡು ಅವಳು ಕಾಫಿ ಬಗ್ಗಿಸಿಕೊಂಡಳು. ಪಾಪ, ಅವಳ ತಪ್ಪೇನು? ಠಾಣೆ ನಡೆಯುವುದೇ ಹಾಗೆ.

ಬೆಳಗಿನ ಜಾವ ಲಾರಿ ತಂದವನು ನಾನು. ನನ್ನ ದೀಪದ ಬೆಳಕಿಗೆ ಅವನು ಕಂಡ. ಆ ಕಡೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಮೊಣಕಾಲು ತಿರುಚಿಕೊಂಡಿತ್ತು. ರೆಪ್ಪೆಯ ಮೇಲೆ ಮಂಜುಗಡ್ಡೆ. ಬಾವಿಯಿಂದ ಬೆಂಚಿನ ತನಕ ಹಿಮದ ಮೇಲೆ ಎಳೆದ ಗುರುತು... ಎಳೆದವನ ಹೆಜ್ಜೆ ಒಂದೂ ಇರಲಿಲ್ಲ.

ಎರಡೂ ಊರಿನ ಸಾರ್ಜೆಂಟರು ಬಂದರು. ಗೆರೆಯ ಆಚೆ ಒಬ್ಬ, ಈಚೆ ಒಬ್ಬ.

"ಬಿದ್ದಿದ್ದು ನಿಮ್ಮಲ್ಲಿ."

"ಸತ್ತಿದ್ದು ನಿಮ್ಮಲ್ಲಿ ಕಣಯ್ಯಾ."

ಸೂರ್ಯ ಮೇಲೆ ಬಂದರೂ ಅವರ ಜಗಳ ಮುಗಿಯಲಿಲ್ಲ. ನನ್ನ ತಮ್ಮ ಹಾಗೇ ಕೂತಿದ್ದ. ಅವನನ್ನು ಒಂಟಿಯಾಗಿ ಬಿಡಲು ಮನಸ್ಸು ಬರಲಿಲ್ಲ ನನಗೆ. ಪಕ್ಕದಲ್ಲಿ ಕೂರೋಣ ಅಂತ ಹೋಗಿ ಹಿಮ ಒರೆಸಲು ಕೈ ಹಾಕಿದೆ.

ಒರೆಸಲು ಅಲ್ಲಿ ಹಿಮವೇ ಇರಲಿಲ್ಲ. ಒಬ್ಬರು ಕೂರುವಷ್ಟು ಜಾಗ ಒಣಗಿತ್ತು. ಮುಟ್ಟಿದೆ... ಬೆಚ್ಚಗಿತ್ತು. ನಂಬುವುದಾದರೆ ನಂಬಿ, ಮುಟ್ಟಿದ ಕೈ ಇದೇ.