ನಾಲ್ಕನೇ ಬೆಲ್ಟು

ದೀಪ ಬೇಕಾದರೆ ಇರಲಿ, ನಡುವೆ ಯಾರೂ ನಗಬೇಡಿ. ನಕ್ಕರೆ ಅಲ್ಲಿಗೇ ನಿಲ್ಲಿಸಿ ಮಲಗಿಬಿಡುತ್ತೇನೆ. ಇದು ನಮ್ಮ ಸೋದರಮಾವನ ಮಗ ಗೌರೀಶನಿಗೆ ಆದದ್ದು. ಹೋದ ವರ್ಷ, ಖಾನಾಪುರದಲ್ಲಿ.

ಶನಿವಾರ ರಾತ್ರಿ ಹನ್ನೊಂದಾಗಿತ್ತು. ಬೆಳಗಾವಿಯಿಂದ ಕೊನೇ ಬಸ್ಸಿಗೆ ಬಂದಿಳಿದ ಗೌರೀಶ, ಊರ ಹೊರಗಿನ ಮನೆಗೆ ಹೊಲದ ದಾರಿ ಹಿಡಿದಿದ್ದ. ಬೆನ್ನಿಗೆ ಲ್ಯಾಪ್‌ಟಾಪು. ತಲೆ ತುಂಬ ಸಿಟ್ಟು.

ಸಿಟ್ಟು ಯಾರ ಮೇಲೆ? ಬೆಲ್ಟಿನ ಮೇಲೆ! ಬೆಳಗಾವಿಯ ಹಿಂದವಾಡಿಯ ಬಾಡಿಗೆ ಖೋಲಿಯಲ್ಲಿ ಅವನೂ ಗೆಳೆಯ ಅಜಿಂಕ್ಯನೂ ಐದು ತಿಂಗಳಿಂದ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದರು. ಬಟಾಬಯಲು ಗ್ರಹದ ಮೇಲೆ ಕಾರ್ಖಾನೆ ಕಟ್ಟಬೇಕು, ಕೊನೆಗೆ ಹಡಗು ಮಾಡಿ ಆಕಾಶಕ್ಕೆ ಹಾರಬೇಕು. ಹಡಗಿಗೆ ತಗಡು, ಕೊಳವೆ, ಬೋಲ್ಟು ಮೂರೂ ಸಮಸಮ ಬೇಕು. ಗಣಿಯಿಂದ ಕಬ್ಬಿಣವನ್ನು ಉರುಳಿಸಿಕೊಂಡು ತರುವ ಪಟ್ಟಿ, ಅಂದರೆ ಬೆಲ್ಟು, ಒಂದೇ. ಅದನ್ನು ಮೂರು ಪಾಲು ಮಾಡಬೇಕು. ಆದರೆ ಆಟದಲ್ಲಿ ಸ್ಪ್ಲಿಟರ್ ಅಂತ ಒಂದು ಯಂತ್ರ ಕೊಟ್ಟಿದ್ದಾರಲ್ಲ, ಅದು ಬಂದ ಮಾಲನ್ನು ಎರಡು ಮಾಡುತ್ತದೆ. ಎರಡೇ. ಮೂರು ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಎರಡನ್ನು ಮತ್ತೆ ಎರಡೆರಡು ಮಾಡಿ ನಾಲ್ಕು ಮಾಡು, ಮೂರು ಇಟ್ಟುಕೊಂಡು ನಾಲ್ಕನೆಯದನ್ನು ತಿರುಗಿಸಿ ಮೂಲ ಬೆಲ್ಟಿಗೇ ಸೇರಿಸು. ಎಲ್ಲರೂ ಹೇಳುವ ಉಪಾಯ ಇದೇ. ಗೌರೀಶನೂ ಮಾಡಿದ. ಮೂಲ ಬೆಲ್ಟು ಮೊದಲೇ ತುಂಬಿ ತುಳುಕುತ್ತಿತ್ತು, ತಿರುಗಿ ಬಂದದ್ದಕ್ಕೆ ಜಾಗವೆಲ್ಲಿ? ನಾಲ್ಕನೆಯದು ಕಟ್ಟಿಕೊಂಡಿತು. ಅದು ನಿಂತರೆ ಅದರ ಜೋಡಿ ಬೆಲ್ಟಿಗೆ ಎರಡು ಪಾಲು, ಉಳಿದೆರಡಕ್ಕೆ ಅರೆಹೊಟ್ಟೆ. ತಗಡು ಗುಡ್ಡೆ ಬಿತ್ತು, ಕೊಳವೆಗೆ ಬರಗಾಲ. ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಸೋಮವಾರ ಬೆಳಿಗ್ಗೆ ಅಜಿಂಕ್ಯ ಪುಣೆಗೆ ಹೊರಡುವವನು, ಆಟವಿದ್ದ ಕಂಪ್ಯೂಟರೂ ಅವನ ಸಂಗಡ. ಅಷ್ಟರೊಳಗೆ ಹಡಗು ಹಾರದಿದ್ದರೆ ಐದು ತಿಂಗಳು ನೀರಿನಲ್ಲಿ ಹೋಮ. ಅಂಥದರಲ್ಲಿ ಮನೆಯಿಂದ ಫೋನು ಬಂದಿತ್ತು... ನಾವು ಮದುವೆಗೆ ಹೊರಟೇವಿ, ಆಯಿ ಒಬ್ಬಾಕಿ ಅದಾಳ, ಬಾ ಅಂತ.

ಬಾವಿಯ ಹತ್ತಿರ ಬಂದಾಗ ಸಪ್ಪಳ ಕೇಳಿತು.

ಖಸ್... ಧಪ್. ಖಸ್... ಧಪ್.

ಸಲಿಕೆ ಹಸಿಮಣ್ಣಿಗೆ ಇಳಿದ ಸಪ್ಪಳ. ಹೆಂಟೆ ನೀರಿಗೆ ಬಿದ್ದ ಸಪ್ಪಳ. ಧೋತರ ಮೇಲಕ್ಕೆ ಕಟ್ಟಿದ ಮುದುಕನೊಬ್ಬ ಬಗ್ಗಿ ನಿಂತಿದ್ದ.

"ಯಾರ್ರೀ ಅದು?"

"ನೀರ ತಿರುವಾಂವ..."

"ಇಷ್ಟೊತ್ತಿನ್ಯಾಗ?"

"ಪಾಳಿ ಐತಿ."

ಬೇರೆಯವರಾಗಿದ್ದರೆ ಅಲ್ಲಿಂದಲೇ ಓಟ ಕೀಳುತ್ತಿದ್ದರು. ಸಿಟ್ಟು ಬಂದವನಿಗೆ ಅಷ್ಟು ಬುದ್ಧಿ ಎಲ್ಲಿರುತ್ತದೆ? ಮುದುಕನ ಕಾಲ ಬುಡದಲ್ಲಿ ಒಂದೇ ನೀರು ನಾಲ್ಕು ಕಾಲುವೆಗೆ ಸಮನಾಗಿ ಹರಿಯುವುದು ಕಂಡು ಗೌರೀಶನಿಗೆ ಹೊಟ್ಟೆ ಉರಿಯಿತು.

"ಅಜ್ಜಾ, ಒಂದನ್ನ ಮೂರ ಪಾಲ ಮಾಡೂದು ಹ್ಯಾಂಗ್ರೀ? ಸಾಕಾಗಿ ಹೋಗೇತಿ ನನಗ."

ಮುದುಕ ತಲೆ ಎತ್ತಲಿಲ್ಲ. "ಮೂರು ಆಗೂದಿಲ್ಲ ತಮ್ಮಾ... ನಾಕು ಮಾಡು."

"ನಾಕನೇದು?"

"ನನಗ ಬಿಡು."

ಖಸ್... ಧಪ್.

ಮನೆಯಲ್ಲಿ ಆಯಿ, ಅಂದರೆ ಅವನ ಅಜ್ಜಿ ಬಸವಣ್ಣೆವ್ವ, ಎಚ್ಚರವಾಗಿಯೇ ಇದ್ದಳು.

"ಆಯಿ, ಬಾವಿ ಕಡೆ ನೀರ ಹಾಯ್ಸಾಕ ಯಾರನ್ನ ಇಟ್ಟೀರಿ?"

"ಯಾರನ್ನೂ ಇಲ್ಲ. ಪೈಪ್ ಹಾಕಿ ಮೂವತ್ತ ವರ್ಷ ಆತು. ಅಲ್ಲೆಲ್ಲಿ ಅದಾವು ಕಾಲಿವಿ?"

ಗೌರೀಶ ಕಂಡದ್ದು ಹೇಳಿದ. ಆಯಿ ಎದ್ದು ಕುಳಿತಳು. ದನಿ ತಗ್ಗಿಸಿದಳು.

"ಕರೆಪ್ಪ... ಅಣ್ಣತಮ್ಮರ ಮೂರೂ ಹೊಲಕ್ಕ ಅಂವನೇ ನೀರ ಹಂಚತಿದ್ದ. ನಾಕನೇ ಪಾಲ ಅಂವನ ಕಾಯಿಪಲ್ಲೆ ತುಣುಕಿಗೆ. ಅದ ಅಂವನ ಕೂಲಿ. ಪೈಪ್ ಬಂದ ವರ್ಷ ನಿಮ್ಮಜ್ಜ ಅಂವನ ಕಾಲಿವಿನೂ ಮುಚ್ಚಿಸಿಬಿಟ್ರು. ಕರೆಪ್ಪ ಅದ ಬ್ಯಾಸಿಗ್ಯಾಗ ಸತ್ತ ಹ್ವಾದ." ಗೌರೀಶನ ಕೈ ಹಿಡಿದು ಹೇಳಿದಳು, "ಕೇಳಿದ್ರ ಕೊಡಪಾ. ಕೊಟ್ಟ ಮ್ಯಾಲೆ ಮಾತ್ರ ಕಸಗೋಬ್ಯಾಡ."

ಗೌರೀಶ ಲ್ಯಾಪ್‌ಟಾಪ್ ತೆಗೆದು ನೆಟ್ ಮೂಲಕ ಅಜಿಂಕ್ಯನ ಆಟಕ್ಕೆ ಕೂಡಿಕೊಂಡ. ಹಾಳಾಗಿ ಹೋಗಲಿ ಎಂದು ನಾಲ್ಕನೇ ಬೆಲ್ಟನ್ನು ಬಯಲಿಗೆ ಎಳೆದು, ಹಾಗೇ ಬಿಟ್ಟ. ಅದರ ತುದಿಗೆ ಏನೂ ಇಲ್ಲ. ಅಂಥ ಬೆಲ್ಟು ನಿಮಿಷದೊಳಗೆ ತುಂಬಿ ನಿಲ್ಲಬೇಕು, ಆಟದ ಕಾನೂನೇ ಅದು.

ತುಂಬಲಿಲ್ಲ.

ಅದಿರು ತುದಿಯವರೆಗೆ ಹೋಗುತ್ತಿತ್ತು... ಆಮೇಲೆ ಇರುತ್ತಿರಲಿಲ್ಲ. ಇತ್ತ ಮೂರೂ ಬೆಲ್ಟು ತಕ್ಕಡಿಯಲ್ಲಿ ತೂಗಿದಷ್ಟು ಸಮ. ಗೌರೀಶ ಬೆಳಗಿನ ತನಕ ಕಣ್ಣು ಮುಚ್ಚದೆ ಅದನ್ನೇ ನೋಡಿದ.

ರವಿವಾರ ಸಂಜೆ ಅಪ್ಪ-ಅವ್ವ ಬಂದರು, ಅವನು ಹಿಂದವಾಡಿಗೆ ಓಡಿದ. ರಾತ್ರಿ ಒಂದರ ಹೊತ್ತಿಗೆ ಹಡಗು ಮುಕ್ಕಾಲು ಆಗಿತ್ತು. ಹೀಗೇ ನಡೆದರೆ ಐದಕ್ಕೆ ಮುಗಿಯುತ್ತದೆ. ಟೆಂಪೋ ಬರುವುದು ಆರಕ್ಕೆ. ಅಜಿಂಕ್ಯನಿಗೆ ತಡೆಯಲಾಗಲಿಲ್ಲ.

"ಅರೇ, ನಾಕಾಣೆ ಮಾಲ ದಂಡ ಹೊಂಟೈತಲ್ಲೋ! ಅದನ್ನ ಈ ಕಡೆ ತಿರುವಿದ್ರ ನಾಕಕ್ಕ ಮುಗೀತೈತಿ."

"ಬ್ಯಾಡೋ. ಹೋಗ್ಲಿ ಬಿಡು."

"ಯಾರಿಗೆ ಹೋಗ್ಲಿ?"

ಯಾರಿಗೆ ಅಂತ ಹೇಳಬೇಕು? ಹೇಳಿದರೆ ಪುಣೆ ಮುಟ್ಟುವ ತನಕ ನಗುತ್ತಾನೆ. ಎರಡು ರಾತ್ರಿಯ ನಿದ್ದೆಗೇಡು, ಕಣ್ಣಲ್ಲಿ ಖಾರ ಬಿದ್ದ ಹಾಗೆ ಉರಿ. ಒಂದು ತಾಸು ಉಳಿದರೆ ಉಳಿಯಲಿ ಎಂದು ಗೌರೀಶ ತನ್ನ ಕೈಯಾರೆ ನಾಲ್ಕನೇ ಬೆಲ್ಟನ್ನು ಕಿತ್ತು ಮೂಲಕ್ಕೆ ತಿರುಗಿಸಿದ.

ಸ್ಪೀಕರಿನಲ್ಲಿ... ಖಸ್... ಧಪ್.

"ಇದೇನೋ ಸಪ್ಪಳ?" ಅಜಿಂಕ್ಯ ಪಿಸುಗುಟ್ಟಿದ.

ನಾಲ್ಕನೆಯದು ಕಟ್ಟಿಕೊಂಡಿತು. ಮತ್ತೆ ಅದೇ ರಾಮಾಯಣ. ತಗಡಿನ ಗುಡ್ಡೆ, ಕೊಳವೆಗೆ ಬರಗಾಲ. ಗೌರೀಶ ಗಡಬಡಿಸಿ ಬೆಲ್ಟನ್ನು ಮೊದಲಿನ ಜಾಗಕ್ಕೇ ಎಳೆದ, ಅದೇ ಬಯಲು, ಅದೇ ತುದಿ. ಒಂದೇ ನಿಮಿಷ. ಬೆಲ್ಟು ತುಂಬಿತು... ನಿಂತಿತು. ಆಟದ ಕಾನೂನಿನ ಪ್ರಕಾರ.

"ತಪ್ಪಾತ್ರೀ ಅಜ್ಜಾ... ತಗೋರಿ," ಎಂದ ಪರದೆಗೆ. ಇಪ್ಪತ್ತೆಂಟು ವರ್ಷದ ಗಂಡಸಿಗೆ ಅಳು ಬಂತು. ಅಜಿಂಕ್ಯ ನಗಲಿಲ್ಲ. ಮತ್ತೆ ಕಿತ್ತರು, ಮತ್ತೆ ಎಳೆದರು, ತುದಿಯಲ್ಲಿ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯೂ ತುಂಬಿತು. ಯಾರೂ ತಗೊಳ್ಳಲಿಲ್ಲ.

ಆರಕ್ಕೆ ಟೆಂಪೋದವನು ಕೆಳಗೆ ಹಾರ್ನ್ ಹೊಡೆದ. ಇನ್ನು ಹನ್ನೆರಡು ಕೊಳವೆ ಬೇಕಿತ್ತು. ಹನ್ನೆರಡೇ! ಅಜಿಂಕ್ಯ ವೈರು ಕಿತ್ತು, ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಟೇಪು ಹಚ್ಚಿದ. ಇಬ್ಬರೂ ಸೇರಿ ಅದನ್ನು ಟೆಂಪೋಗೆ ಏರಿಸಿದರು.

ಪುಣೆಯಲ್ಲಿ ಅಜಿಂಕ್ಯನಿಗೆ ಖೋಲಿ ಸಿಗಲು ಒಂದು ತಿಂಗಳಾಯಿತು. ಆಮೇಲೆಯೇ ಡಬ್ಬಿಯ ಟೇಪು ಬಿಚ್ಚಿದ್ದು. ಆಟ ತೆರೆದವನೇ ಪರದೆಯ ಫೋಟೋ ತೆಗೆದು ಗೌರೀಶನಿಗೆ ಕಳಿಸಿದ. ಸುಳ್ಳು ಹೇಳಿ ನನಗೇನು ಸಿಗಬೇಕಾಗಿದೆ? ಆ ಫೋಟೋ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗಣಿ ಇದೆ, ಬೆಲ್ಟುಗಳಿವೆ, ನಾಲ್ಕನೆಯದರ ತುದಿಯ ಪೆಟ್ಟಿಗೆ ಯಾರೂ ಮುಟ್ಟದೆ ತುಂಬಿಯೇ ಇದೆ, ಮೂಲೆಯಲ್ಲಿ 'ಇನ್ನೂ ಹನ್ನೆರಡು ಕೊಳವೆ ಬೇಕು' ಎಂದು ಬರೆದದ್ದೂ ಹಾಗೇ ಇದೆ.

ಹಡಗು ಮಾತ್ರ ಇಲ್ಲ.