ತಾಲೀಮಿನ ಆ್ಯಪ್‌ನಲ್ಲಿ ಬಂದ ಲಾರಿ

ನಾನು ತ್ರಿಶಲಾ ಕೋಂ ಸನ್ಮತಿ ಚೌಗಲಾ, ವಯಸ್ಸು 56 ವರ್ಷ, ಉದ್ಯೋಗ ಕಂಪ್ಯೂಟರ್ ಶಿಕ್ಷಕಿ, ಸಾಕಿನ್ ಅಥಣಿ, ಯಾರೂ ಕರೆಯದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ವಿದ್ಯಾರ್ಥಿನಿ ನಾಜಿಮಾ, ವಯಸ್ಸು 20, ಕಾಗವಾಡ ಭಾಗದ ದ್ರಾಕ್ಷಿ ಬೆಳೆಗಾರರ ಸಂಘವೊಂದಕ್ಕೆ ಮೊಬೈಲ್ ಆ್ಯಪ್ ಮಾಡಿಕೊಟ್ಟಿರುತ್ತಾಳೆ. ವ್ಯಾಪಾರಿಯ ಲಾರಿ ಯಾವ ದಿನ ಬರುವುದೆಂದು ಅದು ರೈತರಿಗೆ ತಿಳಿಸುತ್ತದೆ. ನನ್ನ ಸೂಚನೆಯಂತೆ ಅವಳು ಎರಡು ಪ್ರತಿ ಇಟ್ಟಿದ್ದಳು: ರೈತರ ಬಳಕೆಗೊಂದು, ಬದಲಾವಣೆಗಳನ್ನು ಮೊದಲು ಪರೀಕ್ಷಿಸಲು ನಮಗೊಂದು. ನಮ್ಮದರ ಚಿಹ್ನೆಯ ಮೇಲೆ 'ತಾಲೀಮು' ಎಂದು ಬರೆದಿತ್ತು. ಅದು ನಮ್ಮಿಬ್ಬರ ಹಾಗೂ ಸಂಘದ ಅಧ್ಯಕ್ಷ ಭಾವುಸಾಹೇಬರ ಫೋನಿನಲ್ಲಿ ಮಾತ್ರ ಇತ್ತು.

ದಿನಾಂಕ 9-2-2025ರ ಸಂಘದ ಸಭೆಯಲ್ಲಿ ಭಾವುಸಾಹೇಬರು ಆ ಪದವನ್ನು ನೋಡಿ, ನಮ್ದೇನ್ ನಾಟಕ ಕಂಪನಿ ಐತೇನ ತಂಗಿ, ಮನಿಗೆ ಬಂದ ಪಾವಣ್ಯಾರು ನೋಡಿದ್ರ ನಗ್ತಾರ, ಆ ಅಕ್ಷರ ತಗದ್ ಒಗಿ ಎಂದರಂತೆ. ಹಿರಿಯರ ಮಾತು ಮೀರಲಾರದೆ ಅವಳು ತೆಗೆದಳು. ವಿಷಯ ತಿಳಿದ ಕೂಡಲೇ ನಾನು ಅವರಿಗೆ ಫೋನ್ ಮಾಡಿ, ಆ ಪ್ರತಿಯನ್ನು ಯಾರಿಗೂ ಕಳಿಸಬಾರದೆಂದು ಹೇಳಿದೆನು. ಹೌದ್ರಿ ಅಕ್ಕೋರ, ನಾ ಏನ್ ಸಣ್ಣ ಹುಡುಗನೇನ್ರಿ ಎಂದರು. ಅದೇ ಸಂಜೆ ಅದನ್ನೇ 'ಹೊಸಾದು' ಎಂದು ರೈತರ ವಾಟ್ಸಾಪ್ ಗುಂಪಿಗೆ ಹಾಕಿರುತ್ತಾರೆ.

ಇದನ್ನು ಅರಿಯದ ನಾಜಿಮಾ ಮರುದಿನ ನನ್ನ ಪಕ್ಕದಲ್ಲಿಯೇ ಕುಳಿತು, ನಾಳೆ ಮಧ್ಯಾಹ್ನ ಲಾರಿ ಬರುತ್ತದೆ, ಹಣ್ಣು ಕೊಯ್ದಿಡಿ ಎಂಬ ಪರೀಕ್ಷೆಯ ಸಂದೇಶ ಕಳಿಸಿದಳು. ಮೂರೇ ಫೋನಿಗೆ ಹೋಗುವುದೆಂದು ನಾವು ನಂಬಿದ್ದೆವು. ಗುಂಪಿನಿಂದ ಆ ಪ್ರತಿ ಪಡೆದಿದ್ದ ರೈತ ಜಿನ್ನಪ್ಪನವರು, ಸರದಿ ತಪ್ಪಬಾರದೆಂದು ದಿನಾಂಕ 11ರ ನಸುಕಿನಲ್ಲಿ ಆಳು ಹಚ್ಚಿ, ಸಿಹಿ ಪೂರ್ತಿ ತುಂಬದ ಅರ್ಧ ಎಕರೆ ಹಣ್ಣು ಕೊಯ್ಯಿಸಿದರು. ಲಾರಿ ಬರಲಿಲ್ಲ. ಬುಟ್ಟಿಗಳು ಬಿಸಿಲಿನಲ್ಲಿಯೇ ಇದ್ದವು.

ನಾಜಿಮಾ ಸುಳ್ಳು ಸಂದೇಶ ಕಳಿಸಿ ಮೋಸ ಮಾಡಿದಳೆಂದು ಜಿನ್ನಪ್ಪನವರು ಈ ಠಾಣೆಗೆ ದೂರು ನೀಡಿರುತ್ತಾರೆ. ಎರಡನೆಯ ಪ್ರತಿಯ ವಿಷಯ ತಮಗೆ ಗೊತ್ತೇ ಇಲ್ಲವೆಂದು ಭಾವುಸಾಹೇಬರು ಈಗ ಹೇಳುತ್ತಿದ್ದಾರೆ. ಅವರಿಗೆ ಇನ್ನೆಷ್ಟು ಸಲ ಹೇಳಬೇಕಿತ್ತೋ ನನಗೆ ತಿಳಿಯದು.

ನಿನ್ನೆ ನಾಜಿಮಾಳನ್ನು ಕರೆದುಕೊಂಡು ಜಿನ್ನಪ್ಪನವರ ತೋಟಕ್ಕೆ ಹೋಗಿ ನಡೆದದ್ದೆಲ್ಲ ತಿಳಿಸಿದೆನು. ಅವರು ಅವಳಿಗೆ ನೀರು ಕೊಟ್ಟು, ನಿನ್ನ ತಾಲೀಮು ನೀ ಮಾಡವ್ವ, ಆದ್ರ ನನ್ನ ಬಳ್ಳಿಗೆ ತಾಲೀಮಿಲ್ಲ, ವರ್ಷಕ್ಕ ಒಂದ ಸಲ ಕೊಯ್ಲು ಎಂದರು. ಅವಳು ಆ ನೀರು ಕುಡಿಯಲಿಲ್ಲ.

ಜಿನ್ನಪ್ಪನವರ ನಷ್ಟ ನಿಜ. ಆದರೆ ಕಲಿಯುವವರು ಯಾರಿಗೂ ನೋವಾಗದಂತೆ ತಪ್ಪು ಮಾಡಲು ಒಂದು ಬೇರೆ ಜಾಗ ಇರಲೆಂದೇ ನಾನು ಆ ಪ್ರತಿಯನ್ನು ಮಾಡಿಸಿದ್ದು. ಆ ಜಾಗದ ಬಾಗಿಲು ತೆರೆದವರನ್ನು ವಿಚಾರಿಸಬೇಕು, ನಾಜಿಮಾಳ ಹೆಸರನ್ನು ಆರೋಪಿಯೆಂದು ಬರೆಯಬಾರದೆಂದು ಕೋರುತ್ತೇನೆ. ಅವಳು ಚಿಹ್ನೆಯ ಮೇಲೆ 'ತಾಲೀಮು' ಎಂಬ ಪದವನ್ನು ಮತ್ತೆ ಹಾಕಿದ್ದಾಳೆ, ಈ ಸಲ ಯಾರನ್ನೂ ಕೇಳದೆ.

ನಾನು ಹೇಳಿದಂತೆಯೇ ಬರೆದಿದ್ದನ್ನು ಓದಿಸಿ ಕೇಳಿದ್ದೇನೆ, ಇದೆಲ್ಲವೂ ಸತ್ಯ.

ಸ್ಥಳ: ಕಾಗವಾಡ
ದಿನಾಂಕ: 14-2-2025
ಸಹಿ: ತ್ರಿಶಲಾ ಸ. ಚೌಗಲಾ