ನಾಲ್ಕು ಸಲ ಕೂಗದ ಪೆಟ್ಟಿಗೆ

ಒಂದೂರಿನ ಪಾಲಿಟೆಕ್ನಿಕ್ ಕಾಲೇಜಿನಲ್ಲಿ ವೀರಭದ್ರಯ್ಯ ಅಂತ ಒಬ್ಬ ಮೇಷ್ಟ್ರಿದ್ದರು. ಎಲೆಕ್ಟ್ರಾನಿಕ್ಸ್ ಕಲಿಸೋರು. ಕೆಟ್ಟವರಲ್ಲ, ಮೊದಲೇ ಹೇಳಿಬಿಡ್ತೀನಿ. ಕೆಟ್ಟವರ ಕಥೆ ಹೇಳಿದರೆ ನೀವು ಆರಾಮಾಗಿ ಕೇಳಿ, ಎದ್ದು ಹೋಗ್ತೀರಿ. ಇವರು ಒಳ್ಳೆಯವರು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಕ್ಲಾಸಿಗೆ ಹೋದವರಲ್ಲ.

ಅವರಿಗೆ ಅಚ್ಚುಕಟ್ಟು ಅಂದ್ರೆ ಪ್ರಾಣ. ವೈರು ಅಡ್ಡಾದಿಡ್ಡಿ ಇರಬಾರದು, ಬೆಸುಗೆ ಹೊಳೀತಿರಬೇಕು, ರೆಕಾರ್ಡು ಪುಸ್ತಕದಲ್ಲಿ ಒಂದು ಚಿತ್ತೂ ಇರಬಾರದು.

ಕೊನೇ ವರ್ಷದ ಮಕ್ಕಳು ಒಂದು ಯಂತ್ರವನ್ನು ತಾವೇ ಯೋಚಿಸಿ, ತಾವೇ ಕಟ್ಟಿ ತೋರಿಸಬೇಕು. ನೂರು ಮಾರ್ಕು. ನಕ್ಷೆಗೆ ಇಪ್ಪತ್ತು, ಕಟ್ಟಿದ್ದಕ್ಕೆ ನಲವತ್ತು, ಅದನ್ನು ಪರೀಕ್ಷೆ ಮಾಡಿ ನೋಡಿದ್ದಕ್ಕೆ ಇಪ್ಪತ್ತು. ಇನ್ನುಳಿದ ಇಪ್ಪತ್ತು ಯಾತಕ್ಕೆ ಗೊತ್ತೇನು? ತನ್ನ ಕೆಲಸವನ್ನ ತಾನೇ ತೂಗಿ, ಇಲ್ಲಿ ಸರಿ ಇದೆ, ಇಲ್ಲಿ ಸರಿ ಇಲ್ಲ ಅಂತ ಬರೆಯೋದಕ್ಕೆ. ನೋಡಿ, ಆ ನಿಯಮ ಮಾಡಿದ ಪುಣ್ಯಾತ್ಮ ಯಾರೋ ಏನೋ, ಬುದ್ಧಿವಂತ. ನಿನ್ನ ಕುಂದು ನೀನೇ ಹೇಳು, ಅದಕ್ಕೂ ಮಾರ್ಕು ಕೊಡ್ತೀನಿ ಅಂದ. ನಮ್ಮ ಮನೆಗಳಲ್ಲಿ ಇಂಥ ನಿಯಮ ಇದೆಯಾ?

ಆ ಕ್ಲಾಸಿನಲ್ಲಿ ದಾಕ್ಷಾಯಣಿ ಅಂತ ಒಬ್ಬ ಹುಡುಗಿ. ಅಪ್ಪನದು ಮೋಟಾರ್ ರಿಪೇರಿ ಅಂಗಡಿ. ಅವಳು ಒಂದು ಪೆಟ್ಟಿಗೆ ಕಟ್ಟಿದಳು. ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ಕೂಗಿ ಎಚ್ಚರಿಸೋ ಪೆಟ್ಟಿಗೆ. ಇಪ್ಪತ್ತು ಸಲ ಪರೀಕ್ಷೆ ಮಾಡಿದಳು. ಹದಿನಾರು ಸಲ ಕೂಗಿತು. ನಾಲ್ಕು ಸಲ ಕೂಗಲಿಲ್ಲ. ಇದ್ದದ್ದನ್ನ ಇದ್ದ ಹಾಗೇ ಬರೆದಳು: "ಪಾತ್ರೆಯ ಹಬೆ ತಾಗಿದಾಗ ಪೆಟ್ಟಿಗೆ ಸುಮ್ಮನಾಗುತ್ತದೆ. ಕಾರಣ ಇನ್ನೂ ತಿಳಿದಿಲ್ಲ. ತಿಳಿಯುವವರೆಗೆ ಇದನ್ನು ಜನ ಇರುವ ಕಡೆ ತೂಗುಹಾಕಬಾರದು."

ಹೊರಗಿನ ಪರೀಕ್ಷಕರು ಬರೋದಕ್ಕೆ ಒಂದು ದಿನ ಮುಂಚೆ ವೀರಭದ್ರಯ್ಯ ಆ ಪುಟ ಓದಿದರು. ಹುಡುಗಿಯನ್ನ ಕರೆದರು.

"ಏನಮ್ಮ ಇದು? ಉಳಿದವರೆಲ್ಲ ಇಪ್ಪತ್ತಕ್ಕೆ ಇಪ್ಪತ್ತು ಬರೆದಿದ್ದಾರೆ. ನಿನಗೆ ಮಾತ್ರ ಏನು ಬಂತು?"

"ನಾಲ್ಕು ಸಲ ಕೂಗಲಿಲ್ಲ ಸರ್."

"ಕೂಗಿತು ಅಂತ ಬರಿ."

"ಕೂಗಲಿಲ್ಲ ಸರ್."

"ನೋಡು, ಇಷ್ಟು ಚೆಂದ ಕಟ್ಟಿದ್ದೀಯ. ನಿಯಮ ಏನೇ ಇರಲಿ, ಪರೀಕ್ಷಕರು ಕುಂದು ಕಂಡರೆ ಮಾರ್ಕು ಕಳೀತಾರೆ. ಈ ಪುಟ ಇಟ್ಟುಕೊಂಡರೆ ಪರೀಕ್ಷೆಗೂ ಕಡಿಮೆ ಬೀಳುತ್ತೆ, ಬರವಣಿಗೆಗೂ ಕಡಿಮೆ ಬೀಳುತ್ತೆ. ಎಪ್ಪತ್ತು ದಾಟಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಹೇಳುತ್ತಲೇ ಆ ಪುಟ ಹರಿದರು. ಸಿಟ್ಟಿನಿಂದಲ್ಲ, ಸ್ಕೇಲು ಇಟ್ಟು, ಅಂಚು ಹಾಳಾಗದ ಹಾಗೆ ಹರಿದರು. ಬೇರೆ ಹಾಳೆ ಕೊಟ್ಟರು. ಹುಡುಗಿ ಕೂತು ಬರೆದಳು. ಇಪ್ಪತ್ತಕ್ಕೆ ಇಪ್ಪತ್ತು.

ತೊಂಬತ್ತನಾಲ್ಕು ಬಂತು! ಪ್ರಿನ್ಸಿಪಾಲರು ಹಿಗ್ಗಿದರು. ನಮ್ಮ ಕಾಲೇಜಿನ ಕೆಲಸ, ನಮ್ಮ ಲೇಡೀಸ್ ಹಾಸ್ಟೆಲಿನ ಅಡುಗೆಮನೆಯಲ್ಲೇ ಇರಲಿ ಅಂದರು. ದಾಕ್ಷಾಯಣಿ ಮೇಷ್ಟ್ರ ಹತ್ತಿರ ಓಡಿ ಬಂದಳು.

"ಸರ್, ಅಲ್ಲಿ ಬೇಡ ಸರ್. ನಿಮಗೆ ಗೊತ್ತಲ್ಲ."

ವೀರಭದ್ರಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈಗ ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಿದರೆ ಆ ಪುಟದ ಮಾತು ಬರುತ್ತೆ. "ಹದಿನಾರು ಸಲ ಕೂಗಿದೆಯಲ್ಲ, ಅಷ್ಟು ಸಾಕು ಬಿಡು," ಅಂದರು. ಕೇಳಿದ್ರಾ? ಮಾರ್ಕು ಬೇಕಾದಾಗ ಹದಿನಾರು ಸಾಲಲಿಲ್ಲ. ತಮ್ಮ ಮರ್ಯಾದೆ ಉಳಿಸಿಕೊಳ್ಳೋವಾಗ ಸಾಕಾಯಿತು.

ಪೆಟ್ಟಿಗೆ ಗೋಡೆ ಏರಿತು. ಅಡುಗೆಯ ಶಾಂತವ್ವ ಅಲ್ಲೀತನಕ ದಿನಾ ಬೆಳಿಗ್ಗೆ ಒಳಗೆ ಬಂದವಳು ಮೊದಲು ಮೂಸಿ ನೋಡೋಳು, ಕಿಟಕಿ ತೆಗೆಯೋಳು, ಆಮೇಲೆ ಕಡ್ಡಿ ಗೀರೋಳು. ಪೆಟ್ಟಿಗೆ ಬಂದ ಮೇಲೆ ಯಾಕೆ ಮೂಸಬೇಕು? ಓದಿದ ಮಕ್ಕಳು ಮಾಡಿದ್ದು, ಮೇಷ್ಟ್ರು ಸಹಿ ಹಾಕಿದ್ದು. ನಂಬಿದಳು.

ಆಷಾಢದ ಒಂದು ಬೆಳಿಗ್ಗೆ. ಒಂದು ಒಲೆಯ ಮೇಲೆ ಅನ್ನದ ಹಂಡೆ ಕುದೀತಿತ್ತು, ಅಡುಗೆಮನೆಯೆಲ್ಲ ಹಬೆ. ಮೂಲೆಯಲ್ಲಿದ್ದ ಇನ್ನೊಂದು ಒಲೆಯ ಪೈಪು ಬಿರುಕು ಬಿಟ್ಟು, ಗ್ಯಾಸು ಅಲ್ಲೇ ಕೆಳಗೆ ಸೇರುತ್ತಿತ್ತು. ನೆಗಡಿಯಾಗಿ ಮೂಗು ಕಟ್ಟಿದ್ದ ಶಾಂತವ್ವ ಪೆಟ್ಟಿಗೆ ಕಡೆ ನೋಡಿದಳು. ಅದು ಕೂಗಿರಲಿಲ್ಲ, ಎಲ್ಲ ಸರಿ ಅನ್ನೋ ಹಸಿರು ದೀಪ ಉರೀತಿತ್ತು. ಆ ಒಲೆಗೆ ಬಗ್ಗಿ ಕಡ್ಡಿ ಗೀರಿದಳು.

ಮೈಯೆಲ್ಲ ಸುಟ್ಟು, ಒಂಬತ್ತು ದಿನ ಆಸ್ಪತ್ರೆಯಲ್ಲಿ ನರಳಿ ತೀರಿಹೋದಳು.

ವಿಚಾರಣೆಗೆ ಅಧಿಕಾರಿಗಳು ಬಂದರು. ಮೇಜಿನ ಮೇಲೆ ಆ ರೆಕಾರ್ಡು. ಒಂದು ಕಡೆ ಹುಡುಗಿ, ಒಂದು ಕಡೆ ಮೇಷ್ಟ್ರು.

"ಈ ಅಕ್ಷರ ನಿಂದೇ ಏನಮ್ಮ?" ಅಂದರು ಒಬ್ಬ ಅಧಿಕಾರಿ.

"ಹೌದು ಸರ್."

"ಇಪ್ಪತ್ತೂ ಸಲ ಕೂಗಿತಾ?"

"ಇಲ್ಲ ಸರ್."

"ಮತ್ತೆ ಯಾಕೆ ಬರೆದೆ?"

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಒಂದೇ ಸಲ. ವೀರಭದ್ರಯ್ಯ ಬಾಯಿ ತೆರೆಯಬೇಕು ಅಂದುಕೊಂಡರು. ಆದರೆ ಮೇಜಿನ ಅಂಚನ್ನೇ ನೋಡುತ್ತಾ ಕೂತರು. ಹುಡುಗಿಯೂ ತಲೆ ತಗ್ಗಿಸಿದಳು. ಸುಳ್ಳು ಬರೆದದ್ದಕ್ಕೆ ಅವಳ ಡಿಪ್ಲೊಮಾ ರದ್ದಾಯಿತು. ಸರಿಯಾಗಿ ನೋಡದೆ ಸಹಿ ಹಾಕಿದ್ದಕ್ಕೆ ಮೇಷ್ಟ್ರಿಗೆ ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟೇ.

ಮೂರು ವಾರ ಅನ್ನ ಸೇರಲಿಲ್ಲ ಅವರಿಗೆ. ಕೊನೆಗೆ ನಡೆದದ್ದನ್ನೆಲ್ಲಾ ಬರೆದು ಆ ಅಧಿಕಾರಿಗಳ ಕಚೇರಿಗೆ ಹೋದರು. ಗುಮಾಸ್ತ ಓದಿದ. "ಆ ಹರಿದ ಪುಟ ಎಲ್ಲಿದೆ ಸರ್?" ಅಂದ. ಇಲ್ಲ ಅಂದರು ಮೇಷ್ಟ್ರು. "ಪುಟ ಇಲ್ಲ, ಸಾಕ್ಷಿ ಇಲ್ಲ. ಫೈಲು ಮುಚ್ಚಿದೆ. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ತೀರಿ?" ಅಂತ ಕಾಗದ ವಾಪಸ್ ಕೊಟ್ಟ.

ಅಲ್ಲಿಂದ ನೇರ ಆ ಹುಡುಗಿಯ ಅಪ್ಪನ ಅಂಗಡಿಗೆ ಹೋದರು. ಅವಳು ನೆಲದ ಮೇಲೆ ಕೂತು ಮೋಟಾರಿಗೆ ತಂತಿ ಸುತ್ತುತ್ತಿದ್ದಳು. "ತಪ್ಪು ನಂದಮ್ಮ," ಅಂದರು.

ಅವಳು ಕೈ ನಿಲ್ಲಿಸಲಿಲ್ಲ. "ನೀವು ಹೇಳಿದ್ರಿ ಸರ್. ಆದ್ರೆ ಬರೆದದ್ದು ನಾನೇ. ಶಾಂತವ್ವ ದಿನಾ ನನ್ನ ಕನಸಿನಲ್ಲಿ ಬರ್ತಾಳೆ. ನಿಮ್ಮ ಕನಸಿನಲ್ಲೂ ಬರ್ತಾಳಾ?"

ಅವಳು ಕೂತುಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಮೇಷ್ಟ್ರು ನಿಂತು ನಿಂತು ವಾಪಸ್ ಬಂದರು.

ಕಥೆ ಇಷ್ಟೇ. ಸಮಾಧಾನದ ಮಾತು ಇದರಲ್ಲಿ ಇಲ್ಲ, ನಾನು ಹಾಕೋದೂ ಇಲ್ಲ.

ಈಗ ಹೇಳಿ. ಆ ಮೇಷ್ಟ್ರ ಮೇಲೆ ಸಿಟ್ಟು ಬಂತಾ? ಬಂತು, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತೆ. ತಾಯಂದಿರೇ, ಹೋದ ತಿಂಗಳು ಮಗ ಲೆಕ್ಕದಲ್ಲಿ ಫೇಲಾಗಿ ಬಂದು ಅಮ್ಮಾ ನನಗೆ ಅರ್ಥವೇ ಆಗ್ತಿಲ್ಲ ಅಂದಾಗ ಏನಂದಿರಿ? ಯಜಮಾನರೇ, ಡ್ರೈವರು ಬ್ರೇಕು ಯಾಕೋ ಸರಿಯಿಲ್ಲ ಅಂದಾಗ, ನಿನ್ನದು ಯಾವಾಗಲೂ ಇದೇ ರಗಳೆ ಅಂದವರು ಯಾರು? ಸೊಸೆ ಎದೆ ನೋವು ಅಂದಾಗ, ನೆಂಟರ ಮುಂದೆ ಇದೆಲ್ಲ ಬೇಡ ಅಂದವರು ಯಾರು? ನಾವೂ ಪುಟ ಹರೀತೀವಿ. ಸ್ಕೇಲು ಇಟ್ಟು, ನಯವಾಗಿ, ನಿನ್ನ ಒಳ್ಳೇದಕ್ಕೇ ಅಂತ ಹೇಳಿ ಹರೀತೀವಿ. ಆಮೇಲೆ ನಮಗೆ ಯಾರೂ ನಿಜ ಹೇಳಲ್ಲ ಅಂತ ಅಳ್ತೀವಿ.

ಇವತ್ತು ಮನೆಗೆ ಹೋಗಿ. ಮಕ್ಕಳನ್ನ ಎಷ್ಟು ಮಾರ್ಕು ಅಂತ ಕೇಳಬೇಡಿ, ಯಾವುದು ಬರಲಿಲ್ಲ ಅಂತ ಕೇಳಿ. ಕೆಲಸದವರು ಇಲ್ಲೊಂದು ಕುಂದು ಇದೆ ಅಂತ ಹೇಳಿದರೆ ಅವತ್ತೇ ಎದ್ದು ಹೋಗಿ ಆ ಕುಂದನ್ನ ಕಣ್ಣಾರೆ ನೋಡಿ. ಮತ್ತೆ ನೀವು ಯಾರ ಬಾಯಿ ಮುಚ್ಚಿಸಿದ್ದೀರಿ ಅಂತ ನಿಮಗೇ ಗೊತ್ತು. ಅವರ ಹೆಸರು ಈಗ ನಿಮ್ಮ ಮನಸ್ಸಿನಲ್ಲಿ ಬಂದಿದೆ. ನಾಳೆ ಅನ್ನಬೇಡಿ, ಇವತ್ತೇ ಅವರ ಹತ್ತಿರ ಹೋಗಿ ಕೂತು, "ಅವತ್ತು ಏನೋ ಹೇಳೋಕೆ ಬಂದಿದ್ದೆಯಲ್ಲ, ಈಗ ಹೇಳು" ಅನ್ನಿ. ಅವರು ಹೇಳೋಕೆ ಶುರು ಮಾಡಿದಾಗ ನಿಮಗೆ ಸಿಟ್ಟು ಬರುತ್ತೆ, ಬಂದೇ ಬರುತ್ತೆ. ಬಾಯಿ ಬಿಡಬೇಡಿ. ಕೊನೇತನಕ ಕೇಳಿ.